ಉದರವೂ ಉದ್ವೇಗವೂ

ಅಶುಭದ ಸುದ್ದಿಯೊಂದು ಕಿವಿಗೆ ಬಿದ್ದಾಗ ‘ಕರುಳು ಚುರ್ರೆಂದಿತು’ ಎನ್ನುವುದು ನಮ್ಮ ಜನರ ವಾಡಿಕೆ. ನೆರೆಯವನ ಏಳಿಗೆಯನ್ನು ಸಹಿಸಲಾರದವನಿಗೆ ಇರುವುದು ‘ಹೊಟ್ಟೆಕಿಚ್ಚು’. ಮಗಳ ಮದುವೆಯ ಸಾಲವನ್ನು ಹೊತ್ತ ತಂದೆಗೆ ‘ಉಂಡ ಅನ್ನ ಮೈಗೆ ಹತ್ತದು’. ಇವನ್ನೆಲ್ಲ ನಾವು ಬರಿಯ ಮಾತಿನ ಬೆಡಗೆಂದು ತಿಳಿದಿದ್ದೇವೆ. ಆದರೆ ಮಠದ ಪ್ರಸಾದನಿಲಯದಲ್ಲಿದ್ದು ಓದಿದ ವಾಚಕರು ವಾರ್ಷಿಕ ಪರೀಕ್ಷೆಯ ಒಂದು ಮುಂಜಾವನ್ನು ನೆನಪಿಗೆ ತಂದುಕೊಳ್ಳಲಿ. ಉಳಿದ ದಿನಗಳಲ್ಲಿ ಪಂಕ್ತಿಯಲ್ಲಿ ಎರಡೆರಡು ಬಾರಿ ಬಡಿಸಿಕೊಳ್ಳುತ್ತಿದ್ದ ಹುಡುಗ ಅಂದು ಒಂದು ತುತ್ತನ್ನೂ ನುಂಗಲಾರದೆ, ತಟ್ಟೆಯಲ್ಲಿ ಪ್ರಸಾದ ಬಿಡಬಾರದೆಂಬ ನಿಯಮಕ್ಕೂ ಅಂಜಿ, ಪಕ್ಕದವನ ಮುಖ ನೋಡುತ್ತ ಕುಳಿತಿರುತ್ತಿದ್ದ. ಮತ್ತೊಬ್ಬ ಬೆಳಗಾಗುವುದರೊಳಗೆ ನಾಲ್ಕು ಬಾರಿ ತಂಬಿಗೆ ಹಿಡಿದು ಹಿತ್ತಲಿಗೆ ಹೋಗಿ ಬಂದಿರುತ್ತಿದ್ದ. ಇಬ್ಬರಿಗೂ ರೋಗವಿರಲಿಲ್ಲ. ಮಧ್ಯಾಹ್ನ ಪರೀಕ್ಷೆ ಮುಗಿದೊಡನೆ ಇಬ್ಬರಿಗೂ ಹಸಿವಾಗುತ್ತಿತ್ತು.

ಮನಸ್ಸಿನ ಕಳವಳವು ಹೊಟ್ಟೆಯನ್ನು ಕೆಡಿಸುತ್ತದೆಂಬುದು ನಮ್ಮ ಪ್ರಾಚೀನ ವೈದ್ಯರಿಗೆ ತಿಳಿಯದ ವಿಷಯವಾಗಿರಲಿಲ್ಲ. ಹಿತವಾದ ಆಹಾರವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿಗೆ ಒಳಗಾದವನಲ್ಲಿ ಅದು ಜೀರ್ಣವಾಗದೆಂದು ಚರಕಸಂಹಿತೆಯು ವಿಮಾನಸ್ಥಾನದಲ್ಲಿ ಹೇಳುತ್ತದೆ. ಅತಿಸಾರದ ಪ್ರಭೇದಗಳನ್ನು ಎಣಿಸುವಾಗ ಭಯದಿಂದ ಹುಟ್ಟಿದುದನ್ನೂ ಶೋಕದಿಂದ ಹುಟ್ಟಿದುದನ್ನೂ ಅದು ಬೇರೆಯಾಗಿಯೇ ಹೆಸರಿಸುತ್ತದೆ. ಅನುಭವದಿಂದ ಕಂಡುಕೊಂಡ ಸತ್ಯವಿದು. ಆದರೆ ಮನಸ್ಸಿನಲ್ಲಿ ಏಳುವ ಅಲೆಯು ಜಠರವನ್ನು ಯಾವ ದಾರಿಯಿಂದ ತಲುಪುತ್ತದೆ, ತಲುಪಿದಾಗ ಅಲ್ಲಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಜೀವಂತ ಮನುಷ್ಯನ ಹೊಟ್ಟೆಗೆ ಒಂದು ಕಿಂಡಿ ಬೇಕಾಗಿತ್ತು. ಅಂಥ ಕಿಂಡಿಯೊಂದು 1822ರಲ್ಲಿ ಆಕಸ್ಮಿಕವಾಗಿ ತೆರೆಯಿತು.

ಉತ್ತರ ಅಮೆರಿಕದ ಹ್ಯೂರಾನ್ ಮತ್ತು ಮಿಷಿಗನ್ ಸರೋವರಗಳು ಕೂಡುವಲ್ಲಿ ಮ್ಯಾಕಿನಾ ಎಂಬ ಚಿಕ್ಕ ದ್ವೀಪವಿದೆ. ಚರ್ಮ ಹಾಗೂ ತುಪ್ಪಳದ ವ್ಯಾಪಾರಕ್ಕೆ ಅದು ಆಗ ಕೇಂದ್ರ. 1822ರ ಜೂನ್ 6ರಂದು ಅಲ್ಲಿಯ ವ್ಯಾಪಾರ ಕಂಪನಿಯ ಅಂಗಡಿಯಲ್ಲಿ ಯಾರದೋ ಕೈಯಲ್ಲಿದ್ದ ಬಂದೂಕು ತಾನಾಗಿ ಹಾರಿತು. ಹತ್ತಿರದಲ್ಲಿಯೇ ನಿಂತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ಕೆನಡಾದ ಯುವಕನ ಎಡ ಪಕ್ಕೆಯನ್ನು ಗುಂಡು ಸೀಳಿತು. ದೋಣಿಯಲ್ಲಿ ಸರಕು ಸಾಗಿಸಿ ಹೊಟ್ಟೆ ಹೊರೆಯುತ್ತಿದ್ದ, ಅಕ್ಷರ ಬಾರದ ಬಡವ ಅವನು. ದ್ವೀಪದ ಸೈನ್ಯದ ಕೋಟೆಯಲ್ಲಿ ವೈದ್ಯರಾಗಿದ್ದ ವಿಲಿಯಂ ಬೋಮಾಂಟರು ಬಂದು ನೋಡಿದಾಗ ಅವನು ಬದುಕುವ ಆಸೆ ಇರಲಿಲ್ಲ. ಆದರೂ ಬದುಕಿದ. ಗಾಯ ಮಾಗಿತು, ಆದರೆ ಮುಚ್ಚಲಿಲ್ಲ. ಜಠರದ ಗೋಡೆಯು ಪಕ್ಕೆಯ ಚರ್ಮದೊಡನೆ ಬೆಸೆದುಕೊಂಡು, ಹೊರಗಿನಿಂದ ಒಳಕ್ಕೆ ನೇರವಾಗಿ ಒಂದು ರಂಧ್ರ ಉಳಿಯಿತು. ಕಾಲಕ್ರಮದಲ್ಲಿ ಅದರ ಬಾಯಿಗೆ ಒಳಪೊರೆಯ ಮಡಿಕೆಯೊಂದು ಕವಾಟದಂತೆ ಬೆಳೆಯಿತು. ಬೆರಳಿನಿಂದ ಅದನ್ನು ಸರಿಸಿದರೆ ಜಠರದ ಒಳಭಾಗ ಕಾಣುತ್ತಿತ್ತು.

ಊರಿನ ಆಡಳಿತದವರು ಇನ್ನು ಪೋಷಿಸಲಾರೆವೆಂದಾಗ ಬೋಮಾಂಟರು ಅವನನ್ನು ತಮ್ಮ ಮನೆಗೆ ಕರೆದುಕೊಂಡರು. ಇದು ಕರುಣೆಯೇ ಸರಿ. ಆದರೆ ಬರಿಯ ಕರುಣೆಯಷ್ಟೇ ಅಲ್ಲ. 1825ರ ಆಗಸ್ಟ್ 1ರಂದು ನಡುಹಗಲು 12 ಗಂಟೆಗೆ ಅವರು ಮಾಂಸ, ಬ್ರೆಡ್ಡು, ಕೋಸುಗಳ ಚಿಕ್ಕ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ರಂಧ್ರದ ಮೂಲಕ ಒಳಗೆ ಇಳಿಬಿಟ್ಟರು. ಸೇಂಟ್ ಮಾರ್ಟಿನ್ ತನ್ನ ಮನೆಗೆಲಸಕ್ಕೆ ಹೋದ. ಗಂಟೆಗೊಮ್ಮೆ ದಾರವನ್ನು ಹೊರಗೆಳೆದು ಯಾವುದು ಎಷ್ಟು ಕರಗಿದೆಯೆಂದು ಬೋಮಾಂಟರು ಬರೆದಿಟ್ಟುಕೊಂಡರು. ಅನಂತರ ಜಠರದ ರಸವನ್ನು ತೆಗೆದು ಸೀಸೆಯಲ್ಲಿರಿಸಿ, ದೇಹದ ಬಿಸಿಯಷ್ಟೇ ಬಿಸಿಯಲ್ಲಿಟ್ಟು, ಅದರೊಳಗೆ ಹಾಕಿದ ಮಾಂಸವೂ ಕರಗುತ್ತದೆಂದು ತೋರಿಸಿದರು. ಜೀರ್ಣಕ್ರಿಯೆ ಎಂಬುದು ಅರೆಯುವುದೂ ಅಲ್ಲ, ಕೊಳೆಯುವುದೂ ಅಲ್ಲ, ಒಂದು ರಾಸಾಯನಿಕ ಕ್ರಿಯೆ ಎಂಬುದು ಅಲ್ಲಿಂದ ಖಚಿತವಾಯಿತು. 238 ಪ್ರಯೋಗಗಳ ವಿವರವುಳ್ಳ ಅವರ ಗ್ರಂಥ 1833ರಲ್ಲಿ ಪ್ರಕಟವಾಯಿತು.

ನಮ್ಮ ಪ್ರಕೃತ ವಿಷಯಕ್ಕೆ ಬೇಕಾದ ಸಂಗತಿ ಆ ಗ್ರಂಥದಲ್ಲಿ ಅಲ್ಲಲ್ಲಿ ಸಾಂದರ್ಭಿಕವಾಗಿ ಬರುತ್ತದೆ. ಸೇಂಟ್ ಮಾರ್ಟಿನ್ ಸಿಟ್ಟಿಗೆದ್ದ ದಿನಗಳಲ್ಲಿ ಅವನ ಜಠರದೊಳಗೆ ಪಿತ್ತರಸ ಕಾಣಿಸಿಕೊಳ್ಳುತ್ತಿತ್ತು. ಭಯವೋ ಕೋಪವೋ ಅವನನ್ನು ಕದಡಿದಾಗ ಒಳಪೊರೆಯು ಕೆಲವೊಮ್ಮೆ ಕೆಂಪಾಗಿ ಒಣಗುತ್ತಿತ್ತು, ಕೆಲವೊಮ್ಮೆ ಬಿಳಿಚಿಕೊಂಡು ತನ್ನ ಸಹಜವಾದ ನುಣುಪನ್ನು ಕಳೆದುಕೊಳ್ಳುತ್ತಿತ್ತು. ಮನಸ್ಸಿನ ವಿಕಾರವನ್ನು ಮನುಷ್ಯನ ಜಠರದ ಮೈಮೇಲೆ ಹೀಗೆ ಪ್ರತ್ಯಕ್ಷ ಕಂಡು ಕ್ರಮವಾಗಿ ಬರೆದಿಟ್ಟವರಲ್ಲಿ ಬೋಮಾಂಟರೇ ಮೊದಲಿಗರೆನ್ನಬೇಕು. ಆ ಸಿಟ್ಟಿಗೆ ಅವರ ಪ್ರಯೋಗಗಳೇ ಎಷ್ಟರ ಮಟ್ಟಿಗೆ ಕಾರಣವಾಗಿದ್ದವೋ ಎಂಬ ಸಂದೇಹ ಮಾತ್ರ ಓದುವವರಿಗೆ ಬಾರದೆ ಇರದು. ಬೆಳಗಿನಿಂದ ಉಪವಾಸವಿದ್ದು, ಪಕ್ಕೆಯಲ್ಲಿ ನಳಿಗೆ ಚುಚ್ಚಿಸಿಕೊಂಡು ಮಲಗುವ ಮನುಷ್ಯನಿಗೆ ಸಿಟ್ಟು ಬಾರದಿದ್ದರೆ ಅದೇ ಆಶ್ಚರ್ಯ. 1825ರಲ್ಲಿಯೇ ಅವನು ಒಮ್ಮೆ ಕೆನಡಾಕ್ಕೆ ಹೊರಟುಹೋಗಿ ಮದುವೆಯಾದ. 1829ರಲ್ಲಿ ಹೆಂಡತಿಮಕ್ಕಳೊಡನೆ ಮತ್ತೆ ಕರೆಸಿಕೊಂಡರು. 1832ರಲ್ಲಿ ವರ್ಷಕ್ಕೆ 150 ಡಾಲರು ಕೊಡುವುದಾಗಿ ಕರಾರು ಬರೆಸಿದರು. 1834ರಲ್ಲಿ ಹೋದವನು ಎಷ್ಟು ಪತ್ರ ಬರೆದರೂ ತಿರುಗಿ ಬರಲಿಲ್ಲ.

1853ರಲ್ಲಿ ಬೋಮಾಂಟರು ತೀರಿಕೊಂಡರು. ಹೊಟ್ಟೆಯಲ್ಲಿ ತೂತಿದ್ದ ಸೇಂಟ್ ಮಾರ್ಟಿನ್ ಅವರಿಗಿಂತ 27 ವರ್ಷ ಹೆಚ್ಚು ಬಾಳಿ 1880ರಲ್ಲಿ ಕ್ವಿಬೆಕ್ ಪ್ರಾಂತದ ತನ್ನ ಹಳ್ಳಿಯಲ್ಲಿ ಸತ್ತ. ಶವವನ್ನು ಪರೀಕ್ಷೆಗೆ ಪಡೆಯಬೇಕೆಂದು ಆ ಕಾಲದ ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಅವರು ಬಯಸಿದ್ದರು. ಮನೆಯವರು ಒಪ್ಪಲಿಲ್ಲ. ಯಾರೂ ಒಯ್ಯಬಾರದೆಂದು ಬೇಸಿಗೆಯ ಬಿಸಿಲಿನಲ್ಲಿ ಶವ ಕೆಡುವವರೆಗೆ ಇರಿಸಿಕೊಂಡು, ಎಂಟು ಅಡಿ ಆಳದಲ್ಲಿ ಹೂಳಿದರು. ವಿಜ್ಞಾನದ ಇತಿಹಾಸವನ್ನು ಓದುವಾಗ ನಾವು ಪ್ರಯೋಗ ಮಾಡಿದವರ ಹೆಸರನ್ನು ನೆನಪಿಡುತ್ತೇವೆ, ಪ್ರಯೋಗಕ್ಕೆ ಮೈಯೊಡ್ಡಿದವರ ಮನೆಯವರು ಏನು ನೆನಪಿಟ್ಟುಕೊಂಡರೆಂದು ವಿಚಾರಿಸುವುದಿಲ್ಲ. ಈ ಸಮಾಧಿಯ ಆಳ ಅದನ್ನು ಹೇಳುತ್ತದೆ.

ಇರಲಿ. ಮುಂದಿನ ಹೆಜ್ಜೆಯನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ಇಟ್ಟವು. ರಷ್ಯಾದ ಇವಾನ್ ಪಾವ್ಲೊವ್ ಅವರು ನಾಯಿಗೆ ಉಣಬಡಿಸಿ, ಆದರೆ ಆ ಆಹಾರ ಜಠರಕ್ಕೆ ಇಳಿಯದಂತೆ ಅನ್ನನಾಳದಲ್ಲಿಯೇ ಹೊರಬೀಳುವ ಏರ್ಪಾಡು ಮಾಡಿ, ಆಹಾರ ತಲುಪದ ಜಠರದಲ್ಲಿಯೂ ರಸ ಒಸರುವುದನ್ನು ತೋರಿಸಿದರು. ಮಿದುಳಿನಿಂದ ಉದರಕ್ಕೆ ಇಳಿಯುವ ವೇಗಸ್ ಎಂಬ ನರವನ್ನು ಕತ್ತರಿಸಿದರೆ ಆ ರಸ ನಿಂತುಹೋಗುತ್ತಿತ್ತು. ಮನಸ್ಸಿನಿಂದ ಹೊಟ್ಟೆಗೆ ಇರುವ ದಾರಿಗಳಲ್ಲಿ ಒಂದು ಹೀಗೆ ಪತ್ತೆಯಾಯಿತು. 1904ರ ನೊಬೆಲ್ ಪಾರಿತೋಷಕ ಅವರಿಗೆ ಬಂದುದು ಜೀರ್ಣಕ್ರಿಯೆಯ ಈ ಸಂಶೋಧನೆಗಾಗಿ. ಗಂಟೆ ಬಾರಿಸಿ ಜೊಲ್ಲು ಸುರಿಸಿದ ಕಥೆಗಾಗಿ ಅಲ್ಲ.

ಅದೇ ಕಾಲದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದ್ದರು. ರಾಂಟ್‌ಜೆನ್ ಅವರು ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರ ಕೊನೆಯಲ್ಲಿ. ಅದಾದ ಒಂದೆರಡು ವರ್ಷಗಳಲ್ಲಿಯೇ ಕ್ಯಾನನ್ ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನು ತಿನ್ನಿಸಿ, ಅವುಗಳ ಜಠರ ಕದಲುವುದನ್ನು ಕ್ಷ-ಕಿರಣದ ಪರದೆಯ ಮೇಲೆ ನೋಡತೊಡಗಿದರು. ಕೆಲವು ಬೆಕ್ಕುಗಳಲ್ಲಿ ಜಠರದ ಅಲೆಗಳು ಒಂದರ ಹಿಂದೊಂದು ಸಲೀಸಾಗಿ ಸಾಗುತ್ತಿದ್ದವು, ಕೆಲವುಗಳಲ್ಲಿ ಚಲನೆಯೇ ಇಲ್ಲ. ಕಾರಣವೇನೆಂದು ಹುಡುಕಿದಾಗ ತಿಳಿದದ್ದು ಇಷ್ಟು: ಕಟ್ಟಿಹಾಕಿದ್ದಕ್ಕೆ ಕೊಸರಾಡುತ್ತಿದ್ದ ಬೆಕ್ಕುಗಳ ಜಠರ ನಿಶ್ಚಲ, ಸುಮ್ಮನೆ ಮಲಗಿ ಗುರುಗುಟ್ಟುತ್ತಿದ್ದವುಗಳ ಜಠರ ಚಲನಶೀಲ. ಶಾಂತವಾಗಿದ್ದ ಬೆಕ್ಕನ್ನು ಕೆಣಕಿದರೆ ಅಲೆಗಳು ತಟ್ಟನೆ ನಿಂತವು. ಮೈದಡವಿ ಸಮಾಧಾನ ಮಾಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹೊರಟವು. 1898ರಲ್ಲಿ ಅವರು ಇದನ್ನು ಪ್ರಕಟಿಸಿದರು. ಭಯಗೊಂಡ ಪ್ರಾಣಿಯು ಓಡಬೇಕು ಇಲ್ಲವೆ ಕಾದಾಡಬೇಕು. ಆ ಹೊತ್ತಿನಲ್ಲಿ ರಕ್ತವು ಹೊಟ್ಟೆಯನ್ನು ಬಿಟ್ಟು ಕೈಕಾಲುಗಳ ಸ್ನಾಯುಗಳಿಗೆ ಹರಿಯುತ್ತದೆ, ಪಚನದ ಕೆಲಸ ಬದಿಗೆ ಸರಿಯುತ್ತದೆ ಎಂಬ ಅವರ ವಿವರಣೆ 1915ರ ಗ್ರಂಥದಲ್ಲಿ ಪೂರ್ಣ ರೂಪ ಪಡೆಯಿತು. ನಮ್ಮ ಪ್ರಸಾದನಿಲಯದ ಹುಡುಗನಿಗೆ ಪ್ರಶ್ನಪತ್ರಿಕೆಯೇ ಹುಲಿ. ಓಡುವಂತಿಲ್ಲ, ಕಾದಾಡುವಂತಿಲ್ಲ. ಹೊಟ್ಟೆ ಮಾತ್ರ ತನ್ನ ಪಾಲಿನ ಸಿದ್ಧತೆಯನ್ನು ಮಾಡಿಕೊಂಡಿರುತ್ತದೆ.

ಆ ಗ್ರಂಥದಲ್ಲಿ ಕ್ಯಾನನ್ ಅವರು ಹಿಂದುಸ್ತಾನದ ಒಂದು ಪದ್ಧತಿಯನ್ನು ಉದಾಹರಿಸುತ್ತಾರೆಂಬುದು ವಾಚಕರಿಗೆ ಕುತೂಹಲ ತರಬಹುದು. ಕಳವಿನ ಸಂಶಯಕ್ಕೆ ಒಳಗಾದವರಿಗೆಲ್ಲ ಮಂತ್ರಿಸಿದ ಅಕ್ಕಿಯನ್ನು ಅಗಿಯಲು ಕೊಟ್ಟು, ಅರಳಿ ಎಲೆಯ ಮೇಲೆ ಉಗುಳಿಸುವರು; ಯಾರ ಅಕ್ಕಿ ಒಣಗಿಯೇ ಬರುವುದೋ ಅವನು ಕಳ್ಳ. ಹೆದರಿದವನ ಬಾಯಲ್ಲಿ ಜೊಲ್ಲು ಬತ್ತುವುದೆಂಬ ತಿಳಿವಳಿಕೆ ಇದರ ಮೂಲವೆಂದು ಅವರ ಅಭಿಪ್ರಾಯ. ನಮ್ಮ ಧರ್ಮಶಾಸ್ತ್ರಗಳಲ್ಲಿ ಇದು ತಂಡುಲದಿವ್ಯ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರರು ರಚಿಸಿದ ಮಿತಾಕ್ಷರದಲ್ಲಿಯೂ ಕಳವಿನ ವಿಷಯದಲ್ಲಿ ಇದರ ವಿಧಿ ಬರುತ್ತದೆ. ಆದರೆ ಅಲ್ಲಿ ಹೇಳಿದ ಲಕ್ಷಣ ಒಣಗಿದ ಅಕ್ಕಿಯಲ್ಲ, ಉಗುಳಿನಲ್ಲಿ ಕಾಣುವ ರಕ್ತ ಮತ್ತು ಮೈಯ ನಡುಕ. ಹೇಗಿದ್ದರೂ ಭಯವೇ ಸಾಕ್ಷಿ. ನಿರಪರಾಧಿಗೂ ಭಯವಾಗುತ್ತದೆ, ಬಹುಶಃ ಪಳಗಿದ ಕಳ್ಳನಿಗಿಂತ ಹೆಚ್ಚಾಗಿಯೇ ಆಗುತ್ತದೆ ಎಂಬ ಮಾತು ಎಷ್ಟು ಬಡವರ ಪಾಲಿಗೆ ತಡವಾಗಿ ಹೊಳೆಯಿತೋ!

ಮನುಷ್ಯನ ಜಠರವನ್ನು ಮತ್ತೊಮ್ಮೆ ನೇರವಾಗಿ ನೋಡುವ ಅವಕಾಶ ಒದಗಿದ್ದು ನ್ಯೂಯಾರ್ಕಿನಲ್ಲಿ. ಒಂಬತ್ತು ವರ್ಷದ ಹುಡುಗನಾಗಿದ್ದಾಗ, 1895ರಲ್ಲಿ, ಕುದಿಯುವ ಸಾರನ್ನು ಕುಡಿದು ಅನ್ನನಾಳ ಸುಟ್ಟು ಮುಚ್ಚಿಹೋಗಿದ್ದ ಟಾಮ್ ಎಂಬವನಿಗೆ ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಗೆ ರಂಧ್ರ ಮಾಡಿದ್ದರು. ಅವನು ರುಚಿಗಾಗಿ ಆಹಾರವನ್ನು ಬಾಯಲ್ಲಿ ಅಗಿದು, ಬಳಿಕ ಆ ರಂಧ್ರದಿಂದ ಒಳಗೆ ಹಾಕಿಕೊಳ್ಳುತ್ತಿದ್ದ. 1941ರಿಂದ ಸ್ಟೂವರ್ಟ್ ವುಲ್ಫ್ ಮತ್ತು ಹೆರಾಲ್ಡ್ ವುಲ್ಫ್ ಎಂಬ ವೈದ್ಯರು ಅವನಿಗೆ ತಮ್ಮ ಪ್ರಯೋಗಶಾಲೆಯಲ್ಲಿಯೇ ಕೆಲಸ ಕೊಟ್ಟು ಅವನ ಜಠರವನ್ನು ಅಭ್ಯಸಿಸಿದರು. ಭಯ ಹಾಗೂ ದುಃಖದಲ್ಲಿ ಒಳಪೊರೆ ಬಿಳಿಚಿ ಆಮ್ಲ ಕಡಿಮೆಯಾಗುತ್ತಿತ್ತು. ಒಳಗೊಳಗೇ ಕುದಿಯುವ ಸಿಟ್ಟಿನಲ್ಲಿ ಅದು ಕೆಂಪೇರಿ ಆಮ್ಲ ಉಕ್ಕುತ್ತಿತ್ತು. ಉದ್ವೇಗವೆಲ್ಲ ಒಂದೇ ಅಲ್ಲ, ಒಂದೊಂದಕ್ಕೆ ಜಠರದ ಉತ್ತರ ಒಂದೊಂದು ಎಂಬ ಸೂಕ್ಷ್ಮ ಇಲ್ಲಿ ಗೊತ್ತಾಯಿತು.

ಇಲ್ಲಿಯವರೆಗಿನದು ನಿಜಸಂಗತಿ. ಇಲ್ಲಿಂದ ಮುಂದೆ ವೈದ್ಯಶಾಸ್ತ್ರವು ಒಂದು ಎಡವಟ್ಟಿಗೆ ಬಿತ್ತು. ಚಿಂತೆಯು ಜಠರವನ್ನು ಕದಡುತ್ತದೆಂದು ಕಂಡುದರಿಂದ, ಜಠರದ ಹುಣ್ಣೆಲ್ಲ ಚಿಂತೆಯ ಫಲವೆಂಬ ತೀರ್ಮಾನಕ್ಕೆ ಬಂದುಬಿಟ್ಟರು. ಅದಕ್ಕೆ ಪುಷ್ಟಿಯೂ ದೊರಕಿತ್ತು. 1940-41ರಲ್ಲಿ ಲಂಡನ್ ನಗರದ ಮೇಲೆ ಜರ್ಮನರು ಬಾಂಬು ಸುರಿಸಿದ ತಿಂಗಳುಗಳಲ್ಲಿ ಹುಣ್ಣು ತೂತಾಗಿ ಆಸ್ಪತ್ರೆಗೆ ಬಂದವರ ಸಂಖ್ಯೆ ಏರಿತ್ತು. ಷಿಕಾಗೋ ನಗರದ ಮನೋವೈದ್ಯ ಫ್ರಾಂಜ್ ಅಲೆಕ್ಸಾಂಡರ್ ಅವರು 1950ರ ತಮ್ಮ ಗ್ರಂಥದಲ್ಲಿ ಹುಣ್ಣನ್ನು ಮನೋದೈಹಿಕ ರೋಗಗಳ ಸಾಲಿನಲ್ಲಿ ಇರಿಸಿ, ಪರರ ಆಶ್ರಯವನ್ನು ಬಯಸಿಯೂ ಅದನ್ನು ಒಪ್ಪಿಕೊಳ್ಳಲಾರದವನ ಒಳಗುದಿಯೇ ಅದಕ್ಕೆ ಕಾರಣವೆಂದರು. ಗಂಟೆಗೊಮ್ಮೆ ಹಾಲು, ಸಪ್ಪೆ ಊಟ, ವೇಗಸ್ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ, ಇವುಗಳೊಡನೆ ‘ಯೋಚನೆ ಮಾಡಬೇಡಿ’ ಎಂಬ ಉಪದೇಶ: ಇದು ಹುಣ್ಣಿನ ರೋಗಿಗೆ ಮೂರು ದಶಕಗಳ ಕಾಲ ದೊರೆತದ್ದು.

ಈ ತೀರ್ಮಾನದ ಭಾರ ಯಾರ ಮೇಲೆ ಬೀಳುತ್ತಿತ್ತೆಂಬುದನ್ನು ನಾನು ಮನೆಯಲ್ಲಿಯೇ ನೋಡಿದ್ದೇನೆ. ನಮ್ಮ ಸೋದರಮಾವ ಒಬ್ಬರು ಹಳ್ಳಿಯ ಶಾಲೆಯ ಉಪಾಧ್ಯಾಯರು. 1970ರ ದಶಕದಲ್ಲಿ ಅವರಿಗೆ ಹೊಟ್ಟೆಯ ಹುಣ್ಣು. ರಾತ್ರಿ ಎರಡು ಗಂಟೆಗೆ ಎದ್ದು, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದರು. ಡಾಕ್ಟರರು ಹಾಲು ಕುಡಿಯಿರಿ, ಚಿಂತೆ ಬಿಡಿ, ಮನೆಯಲ್ಲಿ ಶಾಂತಿಯಿರಲಿ ಎಂದರು. ಮನೆಯಲ್ಲಿ ಶಾಂತಿಯಿಲ್ಲವೆಂದರೆ ತಪ್ಪು ಯಾರದು? ಬಂದುಹೋದವರೆಲ್ಲ ಅತ್ತೆಯವರ ಕಡೆಗೆ ನೋಡಿದರು. ಅವರ ಮಾತು ಸ್ವಲ್ಪ ಬಿರುಸು. ‘ಆಕೆಯ ಕಿರಿಕಿರಿಯಿಂದಲೇ ಮಾಸ್ತರರ ಹೊಟ್ಟೆ ಸುಟ್ಟಿತು’ ಎಂಬ ಮಾತು ಊರಲ್ಲಿ ಉಳಿದುಕೊಂಡಿತು. ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು. ಅತ್ತೆಯವರು ಆ ಬಳಿಕ ಮನೆಯಲ್ಲಿ ದನಿಯೇರಿಸಿದ್ದನ್ನು ನಾನು ಕೇಳಲಿಲ್ಲ.

ಹುಣ್ಣಿಗೆ ಚಿಂತೆಯೊಂದೇ ಕಾರಣವಾಗಿದ್ದರೆ ಅದು ಚಿಂತೆಯಿರುವ ಎಲ್ಲೆಡೆಯೂ ಸಮನಾಗಿ ಇರಬೇಕಿತ್ತಲ್ಲವೇ? ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಅವರು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಆಗುವ ಹುಣ್ಣು ನಮ್ಮ ದೇಶದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟಿದೆಯೆಂದು ದೀರ್ಘಕಾಲ ಅಭ್ಯಸಿಸಿದರು. ಅಕ್ಕಿಯುಣ್ಣುವ ದಕ್ಷಿಣದಲ್ಲಿ ಹೆಚ್ಚು, ಗೋಧಿಯುಣ್ಣುವ ಉತ್ತರ ಭಾಗಗಳಲ್ಲಿ ಕಡಿಮೆ ಎಂದು ಅವರ ನಕ್ಷೆ ತೋರಿಸಿತು. ಉತ್ತರದವರಿಗೆ ಸಾಲವಿಲ್ಲವೇ, ವ್ಯಾಜ್ಯವಿಲ್ಲವೇ, ಹೆಣ್ಣುಮಕ್ಕಳ ಮದುವೆಯಿಲ್ಲವೇ? ಆಹಾರದ ಕುರಿತು ಟೋವಿಯವರ ವಿಚಾರ ಬೇರೆಯೇ ಒಂದು ಲೇಖನಕ್ಕೆ ವಿಷಯ. ಚಿಂತೆಯ ಸಿದ್ಧಾಂತಕ್ಕೆ ಮಾತ್ರ ಆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. ರೋಗಿಗಳ ಜಠರದಿಂದ ತೆಗೆದ ಚೂರುಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇರುವುದನ್ನು ರಾಬಿನ್ ವಾರೆನ್ ಅವರು 1979ರಲ್ಲಿ ಗಮನಿಸಿದರು. ಆಮ್ಲ ತುಂಬಿದ ಜಠರದಲ್ಲಿ ಯಾವ ಜೀವಿಯೂ ಬಾಳಲಾರದೆಂಬುದು ಆಗಿನ ನಂಬಿಕೆ. ತರುಣ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿದರು. ಪ್ರಯೋಗಶಾಲೆಯಲ್ಲಿ ಅದನ್ನು ಬೆಳೆಸುವ ಯತ್ನಗಳು ವಿಫಲವಾಗುತ್ತಲೇ ಇದ್ದವು. 1982ರ ಈಸ್ಟರ್ ಹಬ್ಬದ ರಜೆಯಿಂದಾಗಿ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಹಾಗೆಯೇ ಉಳಿದಾಗ ಬ್ಯಾಕ್ಟೀರಿಯಾ ಬೆಳೆದಿತ್ತು. ಅದು ನಿಧಾನವಾಗಿ ಬೆಳೆಯುವ ಜಾತಿ, ಅವಸರದಲ್ಲಿ ಎಸೆಯುತ್ತಿದ್ದರಷ್ಟೆ. ವೈದ್ಯಲೋಕ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅವರು ಅದರ ದ್ರಾವಣವನ್ನು ತಾವೇ ಕುಡಿದು ವಾಂತಿಗೊಳಗಾಗಿ, ತಮ್ಮ ಜಠರದ ಒಳಪೊರೆ ಉರಿಗೊಂಡುದನ್ನು ಪರೀಕ್ಷೆಯಿಂದ ತೋರಿಸಿಕೊಟ್ಟರು. ಅವರಿಗೆ ಆದದ್ದು ಉರಿಯೂತ, ಹುಣ್ಣಲ್ಲ ಎಂಬುದನ್ನೂ ಹೇಳಬೇಕು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಹೆಸರಿನ ಈ ಜೀವಿಯನ್ನು ಔಷಧಗಳಿಂದ ನಿರ್ಮೂಲ ಮಾಡಿದರೆ ಹುಣ್ಣು ಮರುಕಳಿಸುವುದು ಬಹಳ ವಿರಳವೆಂದು ಮುಂದಿನ ವರ್ಷಗಳಲ್ಲಿ ಸಿದ್ಧವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು.

ಆ ಸುದ್ದಿಯನ್ನು ವೃತ್ತಪತ್ರಿಕೆಯಲ್ಲಿ ನೋಡಿದ ದಿನ ನಾನು ಅತ್ತೆಯವರ ಊರಿನಲ್ಲಿಯೇ ಇದ್ದೆ. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಅತ್ತೆಯವರಿಗೆ ಎಂಬತ್ತು ಸಮೀಪಿಸಿತ್ತು. ಓದಿ ಹೇಳಿದೆ. ಎರಡನೆಯ ಸಲ ಓದಿಸಿದರು. ಬಳಿಕ ‘ಹಂಗಂದ್ರ ನನ್ನಿಂದ ಅಲ್ಲೇನಪ್ಪಾ?’ ಎಂದರು. ಮಾವನವರ ಹೊಟ್ಟೆಯಲ್ಲಿ ಆ ಬ್ಯಾಕ್ಟೀರಿಯಾ ಇತ್ತೆಂದು ಯಾರೂ ಪರೀಕ್ಷಿಸಿರಲಿಲ್ಲ, ಪರೀಕ್ಷಿಸುವ ಕಾಲವೂ ಅದಲ್ಲ. ಆದರೂ ‘ಅಲ್ಲ ಅತ್ತೆ’ ಎಂದೆ.

ವಾಚಕರೇ, ಕಥೆ ಇಲ್ಲಿಗೇ ಮುಗಿದಿದ್ದರೆ ಸುಲಭವಾಗುತ್ತಿತ್ತು. ಚಿಂತೆಗೂ ಹೊಟ್ಟೆಗೂ ಸಂಬಂಧವೇ ಇಲ್ಲ, ಎಲ್ಲವೂ ಬ್ಯಾಕ್ಟೀರಿಯಾದ ಕೆಲಸ ಎಂಬ ಉತ್ಸಾಹ ಕೆಲವು ಕಾಲ ವೈದ್ಯರಲ್ಲಿ ಹಬ್ಬಿತ್ತು. ಆದರೆ ಆ ಬ್ಯಾಕ್ಟೀರಿಯಾವನ್ನು ಹೊಟ್ಟೆಯಲ್ಲಿ ಇರಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದೇ ಇಲ್ಲ. ನೋವು ನಿವಾರಕ ಗುಳಿಗೆಗಳನ್ನು ಬಹುಕಾಲ ನುಂಗಿದವರಿಗೆ ಬ್ಯಾಕ್ಟೀರಿಯಾ ಇಲ್ಲದೆಯೂ ಹುಣ್ಣಾಗುತ್ತದೆ. 1995ರ ಜನವರಿಯಲ್ಲಿ ಜಪಾನಿನ ಕೋಬೆ ಪ್ರದೇಶವನ್ನು ಭೂಕಂಪ ಅಲ್ಲಾಡಿಸಿದ ಬಳಿಕ ರಕ್ತ ಸುರಿಸುವ ಜಠರದ ಹುಣ್ಣುಗಳು ಅಲ್ಲಿ ಹೆಚ್ಚಿದವು. ಬ್ಯಾಕ್ಟೀರಿಯಾವನ್ನೂ ಗುಳಿಗೆಗಳನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೂ ಮಾನಸಿಕ ಒತ್ತಡವು ಹುಣ್ಣಿನ ಸಂಭವವನ್ನು ಹೆಚ್ಚಿಸುತ್ತದೆಂದು 2015ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ತೋರಿಸಿತು. ಎಂದರೆ ಲಂಡನ್ನಿನ ವೈದ್ಯರು ಕಂಡದ್ದು ಸುಳ್ಳಲ್ಲ. ಅವರಿಗೆ ಒಂದು ಪಾಲು ಕಂಡಿತ್ತು, ಪರ್ತಿನವರಿಗೆ ಇನ್ನೊಂದು ದೊಡ್ಡ ಪಾಲು ಕಂಡಿತು. ಚಿಂತೆಗೆ ಪಾಲಿದೆಯೆಂದ ಮಾತ್ರಕ್ಕೆ ಚಿಂತೆ ಹುಟ್ಟಿಸಿದವರೆಂದು ಮನೆಯೊಳಗೆ ಒಬ್ಬರನ್ನು ಗುರುತಿಸುವುದಕ್ಕೆ ಆಗಲೂ ಆಧಾರವಿರಲಿಲ್ಲ, ಈಗಲೂ ಇಲ್ಲ.

ಹುಣ್ಣನ್ನು ಬಿಟ್ಟು ಕರುಳಿನ ಕಡೆಗೆ ತಿರುಗಿದರೆ ವಿಷಯ ಇನ್ನೂ ವಿಸ್ತಾರವಾಗುತ್ತದೆ. ಕರುಳಿನ ಗೋಡೆಯೊಳಗೆ ನರಗಳ ಎರಡು ಜಾಲಗಳಿವೆಯೆಂದು ಜರ್ಮನಿಯ ಮೈಸ್ನರ್ ಹಾಗೂ ಔಎರ್‌ಬಾಖ್ ಅವರು 1850 ಮತ್ತು 60ರ ದಶಕಗಳಲ್ಲಿಯೇ ತೋರಿಸಿದ್ದರು. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅವರು ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದರೂ ಕರುಳು ತನ್ನ ಪಾಡಿಗೆ ಆಹಾರವನ್ನು ಮುಂದಕ್ಕೆ ತಳ್ಳಬಲ್ಲದೆಂದು ಸಾಬೀತುಗೊಳಿಸಿದರು. ಹತ್ತು ಕೋಟಿಗೂ ಹೆಚ್ಚು ನರಕೋಶಗಳುಳ್ಳ ಈ ವ್ಯವಸ್ಥೆಗೆ ಅಮೆರಿಕದ ಮೈಕಲ್ ಗೆರ್ಷನ್ ಅವರು 1998ರ ತಮ್ಮ ಪುಸ್ತಕದಲ್ಲಿ ‘ಎರಡನೆಯ ಮಿದುಳು’ ಎಂಬ ಹೆಸರಿಟ್ಟರು. ಹೆಸರು ಜನಪ್ರಿಯವಾಯಿತು, ಆದರೆ ಕರುಳು ವಿಚಾರ ಮಾಡುತ್ತದೆಂದು ಯಾರೂ ಅರ್ಥಮಾಡಿಕೊಳ್ಳಬಾರದು. ನಮಗೆ ಮುಖ್ಯವಾದ ಸಂಗತಿ ವೇಗಸ್ ನರದ್ದು. ಮಿದುಳಿನ ಅಪ್ಪಣೆಯನ್ನು ಹೊಟ್ಟೆಗೆ ಒಯ್ಯುವ ನರವೆಂದು ಪಾವ್ಲೊವ್ ಕಾಲದಿಂದ ಪ್ರಸಿದ್ಧವಾದ ಆ ನರದ ಎಳೆಗಳಲ್ಲಿ ಬಹುಪಾಲು ಕೆಳಗಿನಿಂದ ಮೇಲಕ್ಕೆ, ಅಂದರೆ ಉದರದ ಸಮಾಚಾರವನ್ನು ಮಿದುಳಿಗೆ ಒಯ್ಯುವಂಥವು. ದಾರಿಯಲ್ಲಿ ಹೋಗುವವರಿಗಿಂತ ಬರುವವರೇ ಹೆಚ್ಚು!

ಹಾಗಾದರೆ ಹೊಟ್ಟೆಯು ಮನಸ್ಸನ್ನು ಕೆಡಿಸಬಲ್ಲದೇ? 2004ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದವರು ಹುಟ್ಟಿನಿಂದ ಯಾವ ಬ್ಯಾಕ್ಟೀರಿಯಾವೂ ಸೋಕದಂತೆ ಬೆಳೆಸಿದ ಇಲಿಗಳು ಒತ್ತಡಕ್ಕೆ ಸಿಕ್ಕಾಗ ಅವುಗಳ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಇತರ ಇಲಿಗಳಿಗಿಂತ ಹೆಚ್ಚಾಗಿ ಏರುವುದನ್ನು ಕಂಡರು. ಎಳವೆಯಲ್ಲಿಯೇ ಕರುಳಿಗೆ ತಕ್ಕ ಬ್ಯಾಕ್ಟೀರಿಯಾ ಸೇರಿಸಿದರೆ ಆ ಅತಿರೇಕ ತಗ್ಗುತ್ತಿತ್ತು. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಒಂದು ಬಗೆಯ ಲ್ಯಾಕ್ಟೊಬ್ಯಾಸಿಲಸ್ ತಿಂದ ಇಲಿಗಳು ಕಡಿಮೆ ಆತಂಕ ತೋರಿದವೆಂದೂ, ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲವೆಂದೂ ವರದಿ ಮಾಡಿದರು. ಇದನ್ನು ಓದಿ ಪೇಟೆಯಲ್ಲಿ ಮಾರುವ ಪುಡಿ, ಗುಳಿಗೆಗಳಿಗೆ ಹಣ ಸುರಿಯುವ ಮೊದಲು ವಾಚಕರು ಮುಂದಿನ ಮಾತನ್ನೂ ಕೇಳಬೇಕು. ಅದೇ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ ಅಂಥ ಪರಿಣಾಮವೇನೂ ಕಾಣಲಿಲ್ಲವೆಂದು 2017ರಲ್ಲಿ ಕಾರ್ಕಿನವರೇ ಪ್ರಕಟಿಸಿದರು. ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಮೊಸರು ಮಜ್ಜಿಗೆ ಉಣ್ಣುವುದಕ್ಕೆ ನಮಗೆ ಬೇರೆ ಕಾರಣಗಳು ಸಾಕಷ್ಟಿವೆ.

ಮನುಷ್ಯರ ವಿಷಯದಲ್ಲಿ ನನಗೆ ಹೆಚ್ಚು ತೂಕದ್ದೆನಿಸಿದ್ದು ಯಾವ ಪವಾಡವನ್ನೂ ಹೇಳದ ಒಂದು ಸಾದಾ ಅಧ್ಯಯನ. ಆಸ್ಟ್ರೇಲಿಯದಲ್ಲಿ ಒಂದೇ ಪ್ರದೇಶದ ಜನರನ್ನು 12 ವರ್ಷಗಳ ಅಂತರದಲ್ಲಿ ಎರಡು ಬಾರಿ ವಿಚಾರಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಆತಂಕ ಮಾತ್ರವಿದ್ದು ಹೊಟ್ಟೆ ಸರಿಯಾಗಿದ್ದವರಲ್ಲಿ ಮುಂದೆ ಹೊಟ್ಟೆಯ ತೊಂದರೆ ಹೆಚ್ಚಾಗಿ ಕಂಡಿತು. ಮೊದಲು ಹೊಟ್ಟೆಯ ತೊಂದರೆ ಮಾತ್ರವಿದ್ದು ಮನಸ್ಸು ನೆಮ್ಮದಿಯಾಗಿದ್ದವರಲ್ಲಿಯೂ ಮುಂದೆ ಆತಂಕ, ಖಿನ್ನತೆಗಳು ಹೆಚ್ಚಾಗಿ ಕಂಡವು. ಪರೀಕ್ಷೆಗಳಲ್ಲೆಲ್ಲ ‘ಏನೂ ಇಲ್ಲ’ ಎಂದು ಬಂದ ಬಳಿಕ ‘ಎಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂಬ ಮಾತನ್ನು ಕೇಳಿ ತಲೆತಗ್ಗಿಸಿ ಆಸ್ಪತ್ರೆಯಿಂದ ಹೊರಬಂದ ಎಷ್ಟೋ ಜನ ನಮ್ಮ ನಡುವೆ ಇದ್ದಾರೆ. ಈ ಪತ್ರಿಕೆಯ ವಾಚಕರಲ್ಲಿಯೂ ಇರಬಹುದು. ಅವರ ನೋವು ನಿಜವಾದ ನೋವು. ಕರುಳಿನಲ್ಲಿ ಗಾಯವಿಲ್ಲದಿದ್ದರೂ ಕರುಳು ಮತ್ತು ಮಿದುಳುಗಳ ನಡುವಣ ಸಂದೇಶಗಳು ಏರುಪೇರಾಗಿ ನೋವಾಗಬಲ್ಲದೆಂದು ಇಂದಿನ ವೈದ್ಯಶಾಸ್ತ್ರ ಒಪ್ಪುತ್ತದೆ.

ಚಿಕಿತ್ಸೆಯೂ ಅದಕ್ಕೆ ತಕ್ಕಂತೆ ಬದಲಾಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಪೀಟರ್ ಹೋರ್‌ವೆಲ್ ಅವರು ಕರುಳಿನ ಇಂಥ ಕಾಯಿಲೆಗೆ ಸಂಮೋಹನ ಚಿಕಿತ್ಸೆಯನ್ನು ಪ್ರಯೋಗಿಸಿ ಗುಣ ಕಂಡುದನ್ನು 1984ರಲ್ಲಿ ಪ್ರಕಟಿಸಿದರು. ಮಾರ್ಷಲ್ ಅವರು ಬ್ಯಾಕ್ಟೀರಿಯಾ ಕುಡಿದ ವರ್ಷವೇ ಅದು. ಖಿನ್ನತೆಗೆ ಕೊಡುವ ಕೆಲವು ಔಷಧಗಳನ್ನು ಅಲ್ಪ ಪ್ರಮಾಣದಲ್ಲಿ ಹೊಟ್ಟೆನೋವಿಗೆ ಕೊಡುವುದೂ ಇಂದು ರೂಢಿಯಲ್ಲಿದೆ. ವೈದ್ಯರು ಅಂಥ ಚೀಟಿ ಬರೆದುಕೊಟ್ಟರೆ ‘ನನಗೆ ಹುಚ್ಚೆಂದು ತಿಳಿದರೇ?’ ಎಂದು ನೊಂದುಕೊಳ್ಳುವುದು ಬೇಡ. ನಿದ್ರೆ ಕೆಟ್ಟಿದೆಯೇ, ಮನೆಯಲ್ಲಿ ಏನಾದರೂ ತೊಡಕಿದೆಯೇ ಎಂದು ಅವರು ಕೇಳಿದರೆ ಮುಚ್ಚಿಡದೆ ಹೇಳಿರಿ. ಕೇಳದಿದ್ದರೆ ನೀವಾಗಿಯೇ ಹೇಳಿರಿ. ಆದರೆ ಮಲದಲ್ಲಿ ರಕ್ತ ಕಂಡರೆ ಅಥವಾ ಅದು ಕಪ್ಪಾಗಿ ಹೋದರೆ, ಕಾರಣವಿಲ್ಲದೆ ಮೈ ಇಳಿದರೆ, ನುಂಗುವುದು ಕಷ್ಟವಾದರೆ, ನೋವು ರಾತ್ರಿ ನಿದ್ರೆಯಿಂದ ಎಬ್ಬಿಸುವಂತಿದ್ದರೆ, ಅದನ್ನು ಚಿಂತೆಯ ಲೆಕ್ಕಕ್ಕೆ ಬರೆದುಕೊಂಡು ಮನೆಯಲ್ಲಿ ಕೂರಬೇಡಿರಿ. ಆ ಪರೀಕ್ಷೆಗಳು ಮೊದಲು ಆಗಬೇಕು. ಹುಣ್ಣಿನ ಬ್ಯಾಕ್ಟೀರಿಯಾವನ್ನು ಈಗ ಉಸಿರಿನ ಪರೀಕ್ಷೆಯಿಂದಲೂ ಪತ್ತೆ ಮಾಡುತ್ತಾರೆ, ಎರಡು ವಾರಗಳ ಗುಳಿಗೆಗಳಿಂದ ಬಹುತೇಕ ಹೋಗುತ್ತದೆ. ಮಾವನವರು ಪಡಸಾಲೆಯಲ್ಲಿ ಕಳೆದ ರಾತ್ರಿಗಳಿಗೆ ಲೆಕ್ಕವಿರಲಿಲ್ಲ.